ಗೈಬಿನ ಚಾವಿ

ಹೋದ ವರ್ಷ ದೀಪಾವಳಿಗೆ ಒಂದು ವಾರ ಇದ್ದಾಗ ನಮ್ಮ ತಿಜೋರಿಯ ಚಾವಿ ಕಳೆಯಿತು. ಹಳೇ ಹುಬ್ಬಳ್ಳಿಯ ಮನೆ, ಇರೋದೇ ಎರಡು ಖೋಲಿ, ಹುಡುಕೋಕೆ ಎಷ್ಟು ಜಾಗ ಇರುತ್ತೆ ಹೇಳಿ, ಆದರೂ ಅಕ್ಕಿ ಡಬ್ಬಿಯಿಂದ ಹಿಡಿದು ದೇವರ ಜಗಲಿವರೆಗೂ ಎಲ್ಲ ತೆಗೆದು ಹಾಕಿದೆವು, ಸಿಗಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಲ್ಲಿ ಕೂತಳು.

"ಇಲ್ಲೇ ಇಟ್ಟಿದ್ದೆ. ಗಾಯಬ್ ಆಗೇತಿ ನೋಡು."

ಪಕ್ಕದ ಮನೆ ಖಾಲಾ ಹೊಲಿಗೆ ಮಷಿನ್ ಮುಂದಿಂದಲೇ ಅಂದರು, "ಗೈಬಿನ ಚಾವಿ ಮ್ಯಾಲಿನ ಮಾಲಕನ ಹಂತ್ಯಾಕ ಅದಾವ ಅಕ್ಕಾ. ನಮಗ ನಿಮಗ ಸಿಗೂದಿಲ್ಲ."

ಸಮಾಧಾನಕ್ಕೆ ಸುಮ್ನೆ ಹೇಳಿದ್ದಾರೆ ಅಂದುಕೊಂಡೆ. ಸಂಜೆ ಚಹಾ ಕುಡಿಯುವಾಗ ಕೇಳಿದರೆ ಅದು ಕುರಾನಿನ ಮಾತಂತೆ. ಆರನೇ ಅಧ್ಯಾಯದ 59ನೇ ವಚನ. ಗೈಬಿನ ಚಾವಿಗಳು ಅಲ್ಲಾಹನ ಹತ್ತಿರವೇ ಇವೆ, ಬೇರೆ ಯಾರಿಗೂ ಅವು ಗೊತ್ತಿಲ್ಲ, ಒಂದು ಎಲೆ ಉದುರಿದರೂ ಅವನಿಗೆ ತಿಳಿಯುತ್ತದೆ ಅಂತ ಅಲ್ಲಿದೆ. ನಾವು ದಿನಾ ಅನ್ನುವ ಗಾಯಬ್ ಹುಟ್ಟಿದ್ದು ಇದೇ ಬೇರಿನಿಂದ. ಅವತ್ತಿನಿಂದ ಈ ಮಾತು ನನ್ನ ತಲೆ ಬಿಟ್ಟು ಹೋಗಿಲ್ಲ.

ನಮ್ಮ ಊರಿನ ಬಾಯಲ್ಲಿ ಗಾಯಬ್ ಅಂದರೆ ಕಳೆದದ್ದು, ಇಲ್ಲಾ ಓಡಿಹೋದದ್ದು. ಮಧ್ಯಾಹ್ನ ಕರೆಂಟ್ ಗಾಯಬ್, ಸಾಲ ತಗೊಂಡವನು ಗಾಯಬ್, ಕಾಯಿಪಲ್ಲೆ ಚೀಲದಿಂದ ಕೊತ್ತಂಬರಿ ಗಾಯಬ್. ಅರಬ್ಬಿಯ ಗೈಬ್ ಹಾಗಲ್ಲ. ಕಾಣದ್ದು ಅಂತ ಅದರ ಅರ್ಥ, ಇಲ್ಲದ್ದು ಅಂತ ಅಲ್ಲ. ಇದೆ, ನಮ್ಮ ಕಣ್ಣಿಗೆ ನಿಲುಕುತ್ತಿಲ್ಲ, ಅಷ್ಟೇ. ಕುರಾನಿನ 31ನೇ ಅಧ್ಯಾಯದ ಕೊನೆಯ ವಚನದಲ್ಲಿ ಇಂಥ ಐದು ಸಂಗತಿ ಬರುತ್ತವೆ: ಲೋಕದ ಕೊನೆಯ ಗಳಿಗೆ, ಮಳೆ, ಬಸಿರಲ್ಲಿ ಇರುವುದು, ನಾಳೆ ನಾವು ಗಳಿಸುವುದು, ಯಾವ ಮಣ್ಣಲ್ಲಿ ಸಾಯುತ್ತೇವೆ ಅನ್ನುವುದು. ಖಾಲಾ ಬೆರಳು ಮಡಚುತ್ತಾ ಇದನ್ನು ಹೇಳುವಾಗ ಮಳೆ ಅಂದ ಕೂಡಲೇ ಅವ್ವ ತಲೆ ಆಡಿಸಿದಳು. ಅವಳ ತವರು ಬ್ಯಾಡಗಿ ಕಡೆ, ಮೆಣಸಿನಕಾಯಿ ಬೆಳೆಯುವ ಮನೆ. ಮುಗಿಲು ನೋಡಿ ನೋಡಿ ಬೆಳೆದವಳಿಗೆ ಅದನ್ನು ಬಿಡಿಸಿ ಹೇಳೋದೇನಿದೆ.

ಗೈರುಹಾಜರಿಯ ಗೈರು ಇದರ ನೆಂಟ ಅಂತ ನಾನು ಎಷ್ಟೋ ದಿನ ತಿಳಿದಿದ್ದೆ. ಅಲ್ಲ. ಅದು 'ಅಲ್ಲದ' ಅನ್ನುವ ಅರ್ಥದ ಗೈರ್, ಅದರ ಬೇರೇ ಬೇರೆ.

ನನಗೆ ಜಾಸ್ತಿ ತಟ್ಟಿದ್ದು ವ್ಯಾಕರಣದ ಸಂಗತಿ. ಅರಬ್ಬಿ ವ್ಯಾಕರಣದಲ್ಲಿ 'ನಾನು' ಅಂದರೆ ಮಾತಾಡುವವ, 'ನೀನು' ಅಂದರೆ ಮಾತು ಕೇಳುವವ, 'ಅವನು', 'ಅವಳು' ಅಂದರೆ ಗಾಯಿಬ್, ಎದುರಿಗೆ ಇಲ್ಲದವರು. ನಾವು ಶಾಲೆಯಲ್ಲಿ ಪ್ರಥಮ ಪುರುಷ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಅಪ್ಪ ಹೋಗಿ ಆರು ವರ್ಷ ಆಯ್ತು. ಅವ್ವ ಯಾವತ್ತೂ ಅಪ್ಪನ ಹೆಸರು ಹೇಳಿದವಳಲ್ಲ, ಅವರು ಮನೇಲಿ ಇದ್ದಾಗಲೂ 'ಅವರು' ಅಂತಿದ್ದಳು, ಈಗಲೂ 'ಅವರು' ಅಂತಾಳೆ, ಆ ಮಾತಿನಲ್ಲಿ ಒಂದಿಷ್ಟೂ ವ್ಯತ್ಯಾಸ ಆಗಿಲ್ಲ.

ಇದೇ ಬೇರಿನಿಂದ ಗೀಬತ್ ಅನ್ನುವ ಮಾತೂ ಇದೆ. ಎದುರಿಗೆ ಇಲ್ಲದವರ ಬಗ್ಗೆ ಅವರಿಗೆ ಬೇಸರ ಆಗುವಂಥದ್ದು ಆಡುವುದು. ಕುರಾನು ಇದನ್ನು ಸತ್ತ ಅಣ್ಣತಮ್ಮನ ಮಾಂಸ ತಿನ್ನುವುದಕ್ಕೆ ಹೋಲಿಸುತ್ತದೆ. ಕಟ್ಟೆ ಮೇಲೆ ಮಾತು ಆ ಕಡೆ ಹೊರಳಿದರೆ ಖಾಲಾ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಚಾವಿ ಕಳೆದ ದಿನ ನಾನು ಅವ್ವನಿಗೆ "ಅದೃಷ್ಟ ಇದ್ದರ ಸಿಗತೈತಿ ಬಿಡು" ಅಂದಿದ್ದೆ. ಆಮೇಲೆ ಹೊಳೆಯಿತು, ಅದೃಷ್ಟ ಅಂದರೂ ಕಾಣದ್ದೇ ಅಲ್ವಾ? ದೃಷ್ಟ ಅಂದರೆ ಕಂಡದ್ದು, ಅ-ದೃಷ್ಟ ಅಂದರೆ ಕಾಣದ್ದು. ನಾವು ಅದನ್ನು ಲಾಟರಿಗೆ, ನೌಕರಿಗೆ, ಮದುವೆಗೆ ಹಚ್ಚಿಬಿಟ್ಟಿದ್ದೇವೆ. ಹಳೇ ಕಾಲದ ತತ್ವಜ್ಞಾನಿ ಕಣಾದನ ವೈಶೇಷಿಕ ಸೂತ್ರಗಳಲ್ಲಿ ಸೂಜಿ ಅಯಸ್ಕಾಂತದ ಕಡೆ ಸರಿಯುವುದಕ್ಕೆ ಕಾರಣ ಅದೃಷ್ಟ ಅಂತ ಇದೆ. ಬೆಂಕಿ ಮೇಲಕ್ಕೆ ಉರಿಯುವುದಕ್ಕೂ, ಗಾಳಿ ಅಡ್ಡ ಬೀಸುವುದಕ್ಕೂ ಅದೇ ಕಾರಣ. ಎಳೆಯುತ್ತಿರುವುದು ಕಾಣುವುದಿಲ್ಲ, ಸೂಜಿ ಸರಿದದ್ದು ಕಾಣುತ್ತದೆ.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಖಾಲಾ ಅವರ ಮನೆಯ ನೆಲ. ಹಳೇ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಇಟ್ಟುಕೊಂಡಿದ್ದರು. ದಿನದ ಹೊಲಿಗೆ ಮುಗಿದ ಮೇಲೆ ಅದನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು, ಚಿಂದಿ ಅರಿವೆಯ ಅಡಿಯಿಂದ, ಚಾಪೆಯ ಸಂದಿನಿಂದ ಸೂಜಿ, ಟಾಚಣಿ ಒಂದೊಂದೇ ಎದ್ದು ಬಂದು ಟಿಕ್ ಅಂತ ಅಂಟಿಕೊಳ್ಳುತ್ತಿದ್ದವು. ಚಿಕ್ಕವನಿದ್ದಾಗ ಅದನ್ನು ನೋಡೋಕಂತಲೇ ಹೋಗಿ ಕೂರುತ್ತಿದ್ದೆ.

ಈಗ ಖಾಲಾ ಬೆಳಗಾವಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಅವರು ಇಲ್ಲದಾಗ ಅವರ ಬಗ್ಗೆ ಇಷ್ಟೆಲ್ಲ ಬರೆದಿದ್ದೇನೆ, ಕೇಳದೆ ಹಾಕೋದು ಸರಿ ಅನ್ನಿಸಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಛಲೋ ಬರದೀಯಪಾ," ಅಂದರು. "ಚಾವಿ ಸಿಕ್ಕತೇನು?"

"ಇಲ್ಲ ಖಾಲಾ."

"ಮಷಿನ್ ಕೆಳಗಿನ ಡಬ್ಬಿಯೊಳಗ ಆ ಮ್ಯಾಗ್ನೆಟ್ ಬಿಟ್ಟು ಬಂದೀನಿ. ಅಕ್ಕಾಗ ಕೊಡು."