ಹಳೇ ಕಂಪ್ಯೂಟರು, ಹುಬ್ಬಳ್ಳಿ ಧೂಳು

ಏಪ್ರಿಲ್ ತಿಂಗಳ ಮಧ್ಯಾಹ್ನ. ಮದುವೆ ಕಾರ್ಡ್ ಟೈಪ್ ಮಾಡುತ್ತಿದ್ದೆ. ಮದುಮಗಳ ಸೋದರಮಾವಂದಿರೇ ಹನ್ನೊಂದು ಜನ. ಏಳನೆಯವರ ಅಡ್ಡಹೆಸರು ಹೊಡೆಯುವಷ್ಟರಲ್ಲಿ ಟಕ್ ಅಂತ ಕಂಪ್ಯೂಟರ್ ಬಂದ್. ತಲೆ ಮೇಲಿನ ಫ್ಯಾನ್ ಮಾತ್ರ ತಿರುಗುತ್ತಲೇ ಇತ್ತು. ಕರೆಂಟ್ ಹೋಗಿರಲಿಲ್ಲ.

ಕೇಶ್ವಾಪುರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಯಾವುದೋ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದ ಐ3 ಕಂಪ್ಯೂಟರನ್ನು 6,500 ರೂಪಾಯಿಗೆ ತಂದಿದ್ದೆ. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲು ಅಷ್ಟು ಸಾಕಲ್ವಾ.

ಮೊದಲು ಯುಪಿಎಸ್ ಮೇಲೆ ಅನುಮಾನ ಬಂತು. ಅದನ್ನು ಬದಿಗಿಟ್ಟು ಎಲ್ಲವನ್ನೂ ನೇರ ಗೋಡೆಗೆ ಚುಚ್ಚಿದೆ. ಆಗಲೂ ಬಂದ್. ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ಬಿಚ್ಚಿ ಮಗಳ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ. ನಮ್ಮಲ್ಲಿ ಕಂಪ್ಯೂಟರಿನ ಎಲ್ಲ ರೋಗಕ್ಕೂ ಇದೊಂದೇ ಔಷಧ! ಇದಕ್ಕೂ ಬಗ್ಗಲಿಲ್ಲ. ವಿಂಡೋಸ್‌ನ ತಪ್ಪುಗಳ ದಾಖಲೆ ಇವೆಂಟ್ ವ್ಯೂವರ್ ತೆರೆದರೆ ಕೆಂಪು ಗುರುತಿನ ಜೊತೆ 'ಕರ್ನಲ್-ಪವರ್ 41' ಅಂತ ಸಾಲು ಸಾಲು. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತಷ್ಟೇ ಅದರ ಅರ್ಥ. ಅದು ನನಗೂ ಗೊತ್ತಿತ್ತು.

ಕೊನೆಗೆ ಒಂದು ಹಳೇ ಪ್ರೂಫ್ ಹಾಳೆಯ ಹಿಂದೆ ಟೈಮ್ ಬರೆಯತೊಡಗಿದೆ. ಮುಂಜಾನೆ ಶುರು ಮಾಡಿದರೆ ನಲವತ್ತು ನಿಮಿಷ ನಡೆಯುತ್ತಿತ್ತು. ಆಮೇಲೆ ತಕ್ಷಣ ಚಾಲೂ ಮಾಡಿದರೆ ಹನ್ನೆರಡೇ ನಿಮಿಷ. ಮತ್ತೆ ಮಾಡಿದರೆ ಐದು. ಊಟ ಮುಗಿಸಿ ಬಂದು ಹಚ್ಚಿದರೆ ಮತ್ತೆ ಅರ್ಧ ಗಂಟೆ! ಕೊಪ್ಪೀಕರ್ ರಸ್ತೆ ಹತ್ತಿರದ ರಿಪೇರಿ ಹುಡುಗನಿಗೆ ಫೋನ್‌ನಲ್ಲಿ ಇದನ್ನು ಓದಿ ಹೇಳಿದೆ.

"ಅಕ್ಕಾರ, ಅದು ಸೆಕಿಗೆ ಸಾಯಾಕತ್ತೈತ್ರಿ. ಧೂಳ ಹೊಡದು ಪೇಸ್ಟ್ ಬದ್ಲಿ ಮಾಡ್ರಿ. ಎಸ್‌ಎಂಪಿಎಸ್ ಆಮ್ಯಾಲೆ ನೋಡೂಣು."

ಪೇಸ್ಟ್ ಅಂದರೆ ಪ್ರೊಸೆಸರಿನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಲೇಪ. ಎಸ್‌ಎಂಪಿಎಸ್ ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ. ಕಂಪ್ಯೂಟರ್ ಶುರುವಾಗುವಾಗಲೇ ಡಿಲೀಟ್ ಒತ್ತಿ, ವೋಲ್ಟ್, ಬಿಸಿ ಎಲ್ಲ ತೋರಿಸುವ ಬಯೋಸ್ ಪರದೆಗೆ ಹೋದೆ. 12 ವೋಲ್ಟ್ ಇರಬೇಕಾದ ಕಡೆ 11.9 ಇತ್ತು, 11.4ರ ಕೆಳಗೆ ಇಳಿಯದಿದ್ದರೆ ಚಿಂತೆಯಿಲ್ಲ. ಪ್ರೊಸೆಸರ್ ಬಿಸಿ ಮಾತ್ರ ನೋಡನೋಡುತ್ತಲೇ 71, 78, 86 ಅಂತ ಏರಿ 94 ಡಿಗ್ರಿಗೆ ಬಂತು. ವಿಪರೀತ ಕಾದರೆ ಪ್ರೊಸೆಸರ್ ಮೊದಲು ತಾನೇ ನಿಧಾನ ಆಗುತ್ತದೆ. ಅದೂ ಸಾಲದಿದ್ದರೆ ಸುಟ್ಟುಹೋಗಬಾರದು ಅಂತ ಬಂದ್ ಆಗುತ್ತದೆ. ಪಾಪ, ಅದನ್ನೇ ನಾನು ಬೈಯುತ್ತಿದ್ದೆ.

ವೈರ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದೆ. ನಮ್ಮ ಓಣಿಯ ರಸ್ತೆ ಅಗೆದು ಎರಡು ತಿಂಗಳಾಗಿತ್ತು, ಆ ಧೂಳೆಲ್ಲ ಒಳಗೇ ಕೂತಿತ್ತು. ಫ್ಯಾನ್ ಕೆಳಗೆ, ಹೀಟ್‌ಸಿಂಕಿನ ಸಂದಿಯಲ್ಲಿ, ಹಾಸಿಗೆಯ ಹತ್ತಿಯ ಹಾಗೆ ಒಂದು ಪದರ. ರೆಕ್ಕೆ ಸುಮ್ನೆ ತಿರುಗದಂತೆ ಬೆರಳಿನಿಂದ ಹಿಡಿದು ಪೇಂಟ್ ಬ್ರಷ್‌ನಿಂದ ಕೆರೆದೆ. ಆಗ ಕಂಡಿತು: ಹೀಟ್‌ಸಿಂಕನ್ನು ಬೋರ್ಡಿಗೆ ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳಲ್ಲಿ ಒಂದು ಮೇಲೆದ್ದಿತ್ತು. ಆ ಮೂಲೆ ಪ್ರೊಸೆಸರಿಗೆ ತಾಗಿಯೇ ಇರಲಿಲ್ಲ. ಎತ್ತಿದರೆ ಹಳೇ ಪೇಸ್ಟ್ ಗೋಡೆಯ ಸುಣ್ಣದ ಹಾಗೆ ಉದುರಿತು. ಒರೆಸಿ, ಹೆಸರುಕಾಳಿಗಿಂತ ತುಸು ದೊಡ್ಡ ಹನಿ ಹೊಸ ಪೇಸ್ಟ್ ಇಟ್ಟೆ. ಕಡ್ಡಿಗಳನ್ನು ಎದುರುಬದುರು ಜೋಡಿಯಾಗಿ ಒತ್ತಿದೆ. ನಾಲ್ಕು ಸಲ ಟಕ್.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಯಂತ್ರಕ್ಕೂ ಸೆಕಿ ಆಕ್ಕೈತೇನವಾ?" ಅಂದರು.

ಈಗ ಬಿಸಿ 52ರ ಮೇಲೆ ಹೋಗಲಿಲ್ಲ. ಖುಷಿಯಲ್ಲಿ ಯುಪಿಎಸ್ ವಾಪಸ್ ತಂದು ಎಲ್ಲ ಪಿನ್ ಚುಚ್ಚಿ, ಕಾರ್ಡ್ ಮುಗಿಸಿ ಪ್ರಿಂಟ್ ಕೊಟ್ಟೆ. ಕೀಂ ಅಂತ ಯುಪಿಎಸ್ ಕೂಗಿತು. ಎಲ್ಲ ಬಂದ್!

ಎದೆ ಧಸಕ್ ಅಂತು. ಆಮೇಲೆ ಪಿನ್ ನೋಡಿದೆ. ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಚುಚ್ಚಿದ್ದೆ. ಪ್ರಿಂಟರಿನೊಳಗಿನ ರೋಲರ್ ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಾಳುವುದಿಲ್ಲ. ಪ್ರಿಂಟರನ್ನು ಗೋಡೆಗೆ ಹಾಕಿದೆ, ಪ್ರೂಫ್ ಬಂತು.

ಓದಿ ನೋಡಿದರೆ ಏಳನೆಯ ಸೋದರಮಾವ ಎರಡು ಸಲ ಬಂದಿದ್ದರು.