ಲೇಹ್‌ನಲ್ಲಿ ಮೊದಲ ರಾತ್ರಿ

ಅಪ್ಪನ ಬೆರಳಿಗೆ ಆಕ್ಸಿಮೀಟರ್ ಹಾಕಿ ಕೂತಿದ್ದೇನೆ. ರಕ್ತದ ಆಕ್ಸಿಜನ್ ಶೇ. 86 ತೋರಿಸ್ತಿದೆ, ನಾಡಿ 104. ಸುಮ್ನೆ ಮಲಗಿದ್ದಾರೆ, ಆದರೂ ಕತ್ತಿನ ಪಕ್ಕದ ನರ ಪಟಪಟ ಹೊಡೆದುಕೊಳ್ಳೋದು ಇಲ್ಲಿಂದಲೇ ಕಾಣುತ್ತದೆ.

3500 ಮೀಟರ್ ಎತ್ತರ ಇದು. ಗಾಳಿಯಲ್ಲಿ ಆಕ್ಸಿಜನ್ ಪಾಲು ಅದೇ ಶೇ. 21, ಆದರೆ ಗಾಳಿಯೇ ತೆಳು, ಒಂದು ಉಸಿರಿಗೆ ಸಿಗೋದು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಆ ಕೊರತೆ ತುಂಬೋಕೆ ಹೃದಯ ಜಾಸ್ತಿ ದುಡಿಯುತ್ತದೆ, ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ. ಶ್ವಾಸಕೋಶದ ನಾಳಗಳೂ ಬಿಗಿದು ಹೃದಯದ ಬಲಭಾಗಕ್ಕೆ ಹೊರೆ ಬೀಳುತ್ತದೆ. ಬಿಪಿ ಮಾತ್ರೆ ತಗೊಳ್ಳೋರ ಜೊತೆ ಬಂದಾಗ ಇದೆಲ್ಲ ಬರೀ ಓದಿದ ವಿಷಯ ಆಗಿರಲ್ಲ, ಅಲ್ವಾ?

ನಾಳೆನೇ ಇದಕ್ಕಿಂತ ಎತ್ತರದ ಖರ್ದುಂಗ್ ಲಾ ಘಾಟಿ ನೋಡಬೇಕಂತೆ ಅವರಿಗೆ. ಬೇಡಪ್ಪಾ, ಎರಡು ದಿನ ಇಲ್ಲೇ ಇರೋಣ ಅಂದೆ. ಗೊಣಗುತ್ತಾ ಮಗ್ಗುಲಾದರು.

ಈಗ 87.