ಮೋಡದ ರಾತ್ರಿಗಳಲ್ಲೂ ನಿದ್ದೆ ಇರಲಿಲ್ಲ

ಆಕಾಶ ನೋಡುವ ಹವ್ಯಾಸಿಗಳಲ್ಲಿ ರಾತ್ರಿ ಮೂರು ಗಂಟೆಗೆ ಎಚ್ಚರವಿರುವುದು ಯಾರಿಗೂ ವಿಶೇಷವಲ್ಲ. ನಾನಿದ್ದ ಆನ್‌ಲೈನ್ ಗುಂಪಿನಲ್ಲಿ ಆ ಹೊತ್ತಿಗೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಒಬ್ಬರಿಗೆ ಶನಿಯ ಉಂಗುರ ಕಂಡ ಸಂಭ್ರಮ, ಇನ್ನೊಬ್ಬರಿಗೆ ದೂರದರ್ಶಕದ ಕನ್ನಡಿ ಸರಿಯಾಗಿ ಕೂರುತ್ತಿಲ್ಲವೆಂಬ ಪೇಚು. "ನಿದ್ದೆ ಬರ್ತಿಲ್ಲ" ಎಂದು ನಾನು ಬರೆದರೆ, "ಒಳ್ಳೇದೇ ಆಯ್ತು, ಹೊರಗೆ ಬನ್ನಿ, ಆಕಾಶ ತಿಳಿಯಾಗಿದೆ" ಎಂಬ ಉತ್ತರ ಬರುತ್ತಿತ್ತು. ಅವರನ್ನು ದೂರುವಂತಿಲ್ಲ. ರಾತ್ರಿ ಎಚ್ಚರವಿರುವುದೇ ಹವ್ಯಾಸವಾಗಿರುವ ಕಡೆ, ನಿದ್ದೆಯಿಲ್ಲ ಎಂಬ ಮಾತು ಕಾಯಿಲೆಯ ಮಾತಾಗಿ ಯಾರ ಕಿವಿಗೂ ಬೀಳುವುದಿಲ್ಲ.

ಇವತ್ತಿಗೂ ಆ ಗುಂಪೆಂದರೆ ನನಗೆ ಅಚ್ಚುಮೆಚ್ಚು. ಕತ್ತಲಿಗೆ ಕಣ್ಣು ಒಗ್ಗಲು 20ರಿಂದ 30 ನಿಮಿಷ ಏಕೆ ಕಾಯಬೇಕು, ಕೆಂಪು ಟಾರ್ಚೇ ಏಕೆ ಬೇಕು, ಮಂಕಾದ ನೀಹಾರಿಕೆಯನ್ನು ನೇರವಾಗಿ ನೋಡದೆ ಓರೆಗಣ್ಣಿನಲ್ಲಿ ಏಕೆ ನೋಡಬೇಕು, ಇದನ್ನೆಲ್ಲ ತಾಳ್ಮೆಯಿಂದ ಕಲಿಸಿದವರು ಅವರು. ಮುಖ ನೋಡಿರದಿದ್ದರೂ ಅವರ ಮಾತಿನ ರೀತಿಯಿಂದಲೇ ಯಾರು ಯಾರೆಂದು ಗುರುತು ಹಿಡಿಯಬಲ್ಲೆ.

ನನ್ನ ಹತ್ತಿರ ಒಂದು ವೀಕ್ಷಣಾ ಪುಸ್ತಕವಿದೆ. ದಿನಾಂಕ, ಹೊತ್ತು, ಆಕಾಶ ಎಷ್ಟು ತಿಳಿಯಾಗಿತ್ತು, ಏನು ನೋಡಿದೆ, ಹೇಗೆ ಕಂಡಿತು ಎಂದು ಗೆರೆ ಎಳೆದುಕೊಂಡು ಬರೆಯುವ ಪುಸ್ತಕ. ಮೊದಲ ಪುಟಗಳಲ್ಲೊಂದು ಕಡೆ ರಾಜಹಂಸ ನಕ್ಷತ್ರಪುಂಜದ ಆಲ್ಬಿರಿಯೊ ಬಗ್ಗೆ ಅರ್ಧ ಪುಟ ಬರೆದಿದ್ದೇನೆ. ಬರಿಗಣ್ಣಿಗೆ ಒಂದೇ ಚುಕ್ಕಿ, ದೂರದರ್ಶಕದಲ್ಲಿ ಎರಡು, ಒಂದು ಹೊಂಬಣ್ಣ, ಪಕ್ಕದ್ದು ನೀಲಿ ಎಂದು, ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತೂ ಹಾಕಿದ್ದೇನೆ. ಮುಂದಿನ ಪುಟಗಳಲ್ಲಿ ಬರಹ ಕುಗ್ಗುತ್ತ ಹೋಗುತ್ತದೆ. ಅದೇ ಆಲ್ಬಿರಿಯೊ ಎದುರಿಗೆ "ನೋಡಿದೆ" ಎಂದಷ್ಟೇ ಇದೆ. ಆಮೇಲೆ ಅದೂ ಇಲ್ಲ. ಉಳಿದ ಕಾಲಂಗಳೆಲ್ಲ ಖಾಲಿ, ಹೊತ್ತು ಮಾತ್ರ ಬರೆದಿದೆ: 2.50, 3.10, 3.00.

ಏನಾಗಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಸಾವಿಲ್ಲ, ಸಾಲವಿಲ್ಲ, ಯಾರೂ ಬಿಟ್ಟುಹೋಗಿರಲಿಲ್ಲ. ಹೇಳಿಕೊಳ್ಳುವಂಥ ಕಾರಣವಿದ್ದವರು ಅಳಬಹುದು, ಆಸ್ಪತ್ರೆಗೆ ಹೋಗಬಹುದು. ಕಾರಣವೇ ಇಲ್ಲದವರು ಯಾವ ಮುಖ ಇಟ್ಟುಕೊಂಡು ಹೋಗುವುದು ಎಂಬ ಸಂಕೋಚ ಎಷ್ಟು ಜನರನ್ನು ಬಾಗಿಲ ಹೊರಗೇ ನಿಲ್ಲಿಸಿದೆಯೋ. ಖಿನ್ನತೆ ಕಾರಣವಿದ್ದೂ ಬರುತ್ತದೆ, ಕಣ್ಣಿಗೆ ಕಾಣುವ ಕಾರಣವಿಲ್ಲದೆಯೂ ಬರುತ್ತದೆ. ಈ ಸರಳ ಸಂಗತಿಯನ್ನು ವೈದ್ಯರ ಬಾಯಿಂದ ಕೇಳಿದಾಗ ನನಗೆ ಅರ್ಧ ಭಾರ ಇಳಿದಿತ್ತು.

ಅದಕ್ಕೂ ಮೊದಲು ಒಂದು ರಾತ್ರಿ ಗುಂಪಿನಲ್ಲೇ ಬರೆದೆ: "ಏನು ನೋಡಿದರೂ ಏನೂ ಅನ್ನಿಸುತ್ತಿಲ್ಲ." ಕೂಡಲೇ ಉತ್ತರಗಳು ಬಂದವು. ದೂರದರ್ಶಕದ ಐಪೀಸ್ (ಕಣ್ಣಿಡುವ ಮಸೂರ) ಬದಲಿಸಿ ನೋಡಿ ಎಂದರು ಒಬ್ಬರು. ಇನ್ನಷ್ಟು ಕತ್ತಲಿರುವ ಜಾಗಕ್ಕೆ ಹೋಗಿ, ಮನಸ್ಸು ಅರಳುತ್ತದೆ ಎಂದರು ಇನ್ನೊಬ್ಬರು. ಮತ್ತೊಬ್ಬರು ತಮ್ಮ ಬದುಕಿನ ಕೆಟ್ಟ ವರ್ಷವೊಂದರ ಬಗ್ಗೆ ಉದ್ದಕ್ಕೆ ಬರೆದರು, ಅದನ್ನು ಓದಿ ಅವರಿಗೆ ನಾನೇ ಸಮಾಧಾನ ಹೇಳಿದೆ. ಅಷ್ಟರಲ್ಲಿ ಯಾರೋ ಗ್ರಹಣದ ಚಿತ್ರ ಹಾಕಿದರು, ಮಾತು ಅತ್ತ ಹರಿಯಿತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ಆದರೆ ನಾನು ಹೇಳಿದ್ದಕ್ಕೆ ಉತ್ತರ ಬಂತೇ ಹೊರತು, ಹೇಳದೆ ಬಿಟ್ಟಿದ್ದನ್ನು ಕೇಳುವವರು ಅಲ್ಲಿರಲಿಲ್ಲ. ನಾಳೆ ಇವರು ಹೇಗಿದ್ದಾರೆಂದು ವಿಚಾರಿಸುವುದು ಯಾರ ಪಾಲಿನ ಕೆಲಸವೂ ಆಗಿರಲಿಲ್ಲ. ಜೊತೆಗೆ ಇನ್ನೊಂದು ಕಷ್ಟವಿತ್ತು. ಯಾವ ಹವ್ಯಾಸದಿಂದ ಅವರೆಲ್ಲ ನನ್ನವರಾಗಿದ್ದರೋ ಆ ಹವ್ಯಾಸವೇ ನನ್ನೊಳಗೆ ಬತ್ತಿಹೋಗಿತ್ತು. ಅಲ್ಲಿಗೆ ಹೋದಷ್ಟೂ ಅವರ ಉತ್ಸಾಹ ನೋಡಿ ನಾನು ಇನ್ನಷ್ಟು ಹೊರಗಾಗುತ್ತಿದ್ದೆ.

ಮಾರನೆಯ ಬೆಳಿಗ್ಗೆ ಗುಂಪಿನ ಹಿರಿಯರೊಬ್ಬರು ಫೋನ್ ಮಾಡಿದರು. ನಿವೃತ್ತ ವಿಜ್ಞಾನ ಶಿಕ್ಷಕಿ, ನಾವೆಲ್ಲ ಟೀಚರ್ ಎಂದೇ ಕರೆಯುವುದು. "ನೋಡಿ, ನಿನ್ನೆ ನೀವು ಬರೆದಿದ್ದು ದೂರದರ್ಶಕದ ವಿಷಯ ಅಂತ ನನಗೆ ಅನ್ನಿಸ್ಲಿಲ್ಲ. ನೀವು ಎಷ್ಟು ಹೊತ್ತು ಮಾತಾಡಿದ್ರೂ ನಾನು ಕೇಳಿಸ್ಕೋತೀನಿ. ಆದ್ರೆ ನಾನು ಡಾಕ್ಟರ್ ಅಲ್ಲ, ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಈಗ್ಲೇ ಒಂದು ಅಪಾಯಿಂಟ್‌ಮೆಂಟ್ ತಗೊಳ್ಳಿ. ಸಿಕ್ಕ ಮೇಲೆ ನನಗೊಂದು ಫೋನ್ ಮಾಡಿ, ಅಲ್ಲಿವರೆಗೆ ನಾನು ಎಲ್ಲೂ ಹೋಗಲ್ಲ" ಎಂದರು. ನನ್ನ ಕೈಲಿ ಆಗುವ ಕೆಲಸವಲ್ಲ ಎಂಬ ಆ ಮಾತಿನಷ್ಟು ಉಪಕಾರ ಬೇರೆ ಯಾವ ಸಮಾಧಾನದ ಮಾತೂ ನನಗೆ ಮಾಡಲಿಲ್ಲ.

ಹೋಗಿದ್ದು ಮೊದಲು ಸಾಮಾನ್ಯ ವೈದ್ಯರ ಬಳಿಗೇ. ನೇರವಾಗಿ ಮನೋವೈದ್ಯರಲ್ಲಿಗೇ ಹೋಗಬೇಕೆಂದೇನಿಲ್ಲ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ, ಬಿ12 ಕೊರತೆಯಿದ್ದರೂ ಮನುಷ್ಯ ಹೀಗೇ ಕುಗ್ಗಬಹುದು, ಹಾಗಾಗಿ ಮೊದಲು ರಕ್ತ ಪರೀಕ್ಷೆ ಎಂದರು. ನಿದ್ದೆಯ ಮಾತು ಬಂದಾಗ ನಾನು ಎಂದಿನ ಸಮಜಾಯಿಷಿ ಕೊಟ್ಟೆ: ಆಕಾಶ ನೋಡುವ ಅಭ್ಯಾಸವಿದೆ, ಅದಕ್ಕೇ ಎಚ್ಚರವಿರುತ್ತೇನೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು, "ಮೋಡ ಇದ್ದ ರಾತ್ರಿ?"

ಆ ತಿಂಗಳು ಬಹುತೇಕ ಮೋಡವೇ ಇತ್ತು. ಆದರೂ ಪುಸ್ತಕದಲ್ಲಿ ಪ್ರತಿ ರಾತ್ರಿಯ ಹೊತ್ತು ಬರೆದಿತ್ತು. ಚೀಲದಲ್ಲಿದ್ದ ಪುಸ್ತಕ ತೆಗೆದು ಕೊಟ್ಟೆ. ಅವರು ಹಿಂದಿನಿಂದ ಮುಂದಕ್ಕೆ ಒಂದೊಂದೇ ಹಾಳೆ ತಿರುವಿ, ಬರಹ ಎಲ್ಲಿಂದ ಕುಗ್ಗಲು ಶುರುವಾಗಿದೆ ಎಂಬಲ್ಲಿ ಬೆರಳಿಟ್ಟು ದಿನಾಂಕ ಬರೆದುಕೊಂಡರು. ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು ಖಿನ್ನತೆಯಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ ಎಂದು ಹೇಳಿದ್ದೂ ಆಗಲೇ.

ಆಮೇಲೆ ಒಂದು ಹಾಳೆ ಕೊಟ್ಟರು. ಖಿನ್ನತೆ ಎಷ್ಟಿದೆ ಎಂದು ಅಂದಾಜಿಸುವ ಪ್ರಶ್ನಾವಳಿ, ಪಿಎಚ್‌ಕ್ಯೂ-9 ಎಂದು ಅದರ ಹೆಸರು. 2001ರಲ್ಲಿ ಅದರ ಬಗೆಗಿನ ಅಧ್ಯಯನ ಪ್ರಕಟವಾದ ಮೇಲೆ ಜಗತ್ತಿನ ಅನೇಕ ಕಡೆ ಬಳಕೆಗೆ ಬಂದಿದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರಗಳ ಬಗ್ಗೆ. ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಡಿಮೆ ದಿನವೂ ಎಂದರೆ 3, ಹೆಚ್ಚೆಂದರೆ ಒಟ್ಟು 27. ಮೊದಲ ಪ್ರಶ್ನೆಯೇ ಮಾಡುವ ಕೆಲಸಗಳಲ್ಲಿ ಆಸಕ್ತಿ, ಸಂತೋಷ ಇಲ್ಲವಾಗಿದೆಯೇ ಎಂದು. ಗುಂಪಿನಲ್ಲಿ ನಾನು ತೊದಲಿದ್ದ ಮಾತು ಅಲ್ಲಿ ಅಚ್ಚಾಗಿತ್ತು. ನನಗೊಬ್ಬರಿಗೇ ಬಂದ ವಿಚಿತ್ರ ಇದಲ್ಲ ಎಂದು ತಿಳಿದು ಕಣ್ಣು ತುಂಬಿತು. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ಇನ್ನಷ್ಟು ವಿಚಾರಿಸಬೇಕು ಎಂಬುದು ಸಾಮಾನ್ಯ ಪದ್ಧತಿ. ನನ್ನದು 17 ಆಯಿತು. ಹಾಳೆಯೊಂದೇ ರೋಗ ನಿರ್ಧರಿಸುವುದಿಲ್ಲ ಎಂಬುದನ್ನು ಡಾಕ್ಟರು ಒತ್ತಿ ಹೇಳಿದರು.

ಒಂಬತ್ತನೆಯ ಪ್ರಶ್ನೆ, ಸತ್ತಿದ್ದರೇ ಚೆನ್ನಾಗಿತ್ತು ಎಂದಾಗಲಿ, ತನಗೆ ತಾನೇ ನೋವು ಮಾಡಿಕೊಳ್ಳಬೇಕೆಂದಾಗಲಿ ಯೋಚನೆ ಬಂದಿದೆಯೇ ಎಂದು. "ಕೆಲವು ದಿನ" ಎಂಬುದಕ್ಕೆ ಗುರುತು ಹಾಕಿದೆ. ಡಾಕ್ಟರು ಮೊತ್ತಕ್ಕಿಂತ ಮೊದಲು ಆ ಗುರುತನ್ನೇ ನೋಡಿದರು. ದನಿ ಏರಿಸಲಿಲ್ಲ, ಗಾಬರಿ ತೋರಲಿಲ್ಲ. "ಹೇಗೆ ಅಂತ ಯೋಚನೆ ಮಾಡಿದ್ದೀರಾ? ಇವತ್ತೂ ಬಂದಿತ್ತಾ? ಮನೆಯಲ್ಲಿ ಜೊತೆಗೆ ಯಾರಿದ್ದಾರೆ?" ಎಂದು ಒಂದರ ಹಿಂದೆ ಒಂದು ಕೇಳಿದರು. ಹೀಗೆ ಬಿಚ್ಚಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಅದು ಹಾಗಲ್ಲ ಎಂಬುದನ್ನು ಸಂಶೋಧನೆಗಳೂ ತೋರಿಸಿವೆ, ನಾನೂ ಆ ಕುರ್ಚಿಯಲ್ಲಿ ಕೂತು ಕಂಡೆ. ಕೇಳಿದ ಮೇಲೆ ಎಷ್ಟೋ ದಿನಗಳ ನಂತರ ಉಸಿರು ಪೂರ್ತಿ ಒಳಗೆ ಹೋಯಿತು. ತಂಗಿಗೆ ವಿಷಯ ತಿಳಿಸಲು ನನ್ನ ಒಪ್ಪಿಗೆ ಪಡೆದು, ಅವಳನ್ನು ಅಲ್ಲಿಗೇ ಕರೆಸಿದರು, ಮನೋವೈದ್ಯರಿಗೆ ಚೀಟಿ ಬರೆದರು.

ನಂತರ ಸಿಕ್ಕ ಮೊದಲ ಆಪ್ತಸಮಾಲೋಚಕರ ಜೊತೆ ನನಗೆ ಹೊಂದಲಿಲ್ಲ. ಹಾಗಾಗುವುದುಂಟು, ಬದಲಿಸಬಹುದು, ಬದಲಿಸಿದೆ. ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಅವರು ನನ್ನಿಂದ ಮಾಡಿಸಿದ ಮೊದಲ ಕೆಲಸ ಒಂದು ಸುರಕ್ಷತಾ ಯೋಜನೆ ಬರೆಸಿದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿ, 2012ರಲ್ಲಿ ವಿವರವಾಗಿ ಪ್ರಕಟಿಸಿದ ಕ್ರಮ ಅದು. ಒಂದು ಹಾಳೆ, ಆರು ಹಂತ. ಮನಸ್ಸು ಕೆಡುತ್ತಿರುವ ಸೂಚನೆಗಳೇನು ಎಂಬುದು ಮೊದಲನೆಯದು. ಆಗ ಒಬ್ಬರೇ ಮಾಡಬಹುದಾದ್ದೇನು ಎಂಬುದು ಎರಡನೆಯದು. ಮೂರನೆಯ ಸಾಲಿನಲ್ಲಿ, ಮನಸ್ಸನ್ನು ಬೇರೆಡೆಗೆ ತಿರುಗಿಸುವ ಜನ ಮತ್ತು ಜಾಗಗಳು.

"ನಿಮ್ಮ ಗುಂಪನ್ನು ಇಲ್ಲಿ ಬರೀರಿ" ಎಂದರು ಅವರು.

ಆಗಲೇ ನನಗೆ ಎಲ್ಲವೂ ತಿಳಿಯಾಗಿದ್ದು. ಗುಂಪನ್ನು ಬಿಡಬೇಕಿರಲಿಲ್ಲ, ಅಲ್ಲಿ ಏನೂ ಹೇಳದೆ ಬಾಯಿ ಮುಚ್ಚಿಕೊಳ್ಳಬೇಕೂ ಇರಲಿಲ್ಲ. ಅದಕ್ಕೊಂದು ಸ್ಥಾನವಿದೆ, ಅದು ಮೂರನೆಯ ಸಾಲು. ಅದರಾಚೆ ನಾಲ್ಕನೆಯ ಸಾಲಿದೆ, ಸಹಾಯ ಕೇಳಬಹುದಾದ ಹತ್ತಿರದವರದು. ಅಲ್ಲಿ ತಂಗಿಯ ಹೆಸರು, ಟೀಚರ್ ಹೆಸರು ಬರೆದೆ. ಐದನೆಯದರಲ್ಲಿ ಚಿಕಿತ್ಸೆ ಕೊಡುವವರ ಫೋನ್ ನಂಬರು ಮತ್ತು ಸಹಾಯವಾಣಿಯ ನಂಬರು. ಸಹಾಯವಾಣಿಯಲ್ಲಿ ಫೋನ್ ಎತ್ತುವವರೂ ಅಪರಿಚಿತರೇ, ಗುಂಪಿನವರ ಹಾಗೆ. ಆದರೆ ಆ ಹೊತ್ತಿಗೆ ಎಚ್ಚರವಿರುವುದು ಅವರ ಪಾಳಿ, ಏನು ಕೇಳಬೇಕೆಂಬ ತರಬೇತಿ ಅವರಿಗಿದೆ. ಆರನೆಯದು, ಅಪಾಯ ಮಾಡಿಕೊಳ್ಳಬಹುದಾದ ವಸ್ತುಗಳನ್ನು ಕೈಗೆಟುಕದಂತೆ ಮಾಡುವುದು. ಅದನ್ನು ಆ ಸಂಜೆಯೇ ತಂಗಿ ಮಾಡಿ ಮುಗಿಸಿದಳು.

ಮಾತ್ರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು. ಮೊದಲ ಕೆಲವು ದಿನ ಹೊಟ್ಟೆ ತೊಳಸಿತು. ಗುಣ ಕಾಣಲು ವಾರಗಳೇ ಹಿಡಿಯುತ್ತವೆ, ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಆಮೇಲೂ ಕನಿಷ್ಠ ಆರು ತಿಂಗಳು ಬೇಕು ಎಂದು ಮನೋವೈದ್ಯರು ಮೊದಲೇ ಹೇಳಿದ್ದರಿಂದ ನಡುವೆ ಕೈಬಿಡಲಿಲ್ಲ. ನಿದ್ದೆಗೆ ಬೇರೆಯೇ ಅಭ್ಯಾಸ ಹೇಳಿಕೊಟ್ಟರು: ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಏಳುವ ಹೊತ್ತು ಒಂದೇ, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡುತ್ತ ಬಿದ್ದಿರಬಾರದು, ಎದ್ದು ಬೇರೆಡೆ ಕೂರಬೇಕು. ದೂರದರ್ಶಕವನ್ನು ಮನಸ್ಸು ಬಂದಾಗ ಅಲ್ಲ, ವಾರಕ್ಕೆ ಗೊತ್ತುಮಾಡಿದ ಒಂದು ಸಂಜೆ, ಅರ್ಧ ಗಂಟೆ ಮಾತ್ರ ಹೊರಗೆ ತೆಗೆಯಬೇಕು ಎಂದರು. ಮನಸ್ಸಾಗುವವರೆಗೆ ಕಾದರೆ ಖಿನ್ನತೆಯಲ್ಲಿ ಮನಸ್ಸಾಗುವುದೇ ಇಲ್ಲ, ಮೊದಲು ಕೆಲಸ, ಹಿಂದಿನಿಂದ ಇಷ್ಟ ಬರುತ್ತದೆ ಎಂಬುದು ಅವರ ಲೆಕ್ಕ. ಬಹಳ ದಿನ ಅದು ನನಗೆ ಬರೀ ಕಸರತ್ತಾಗಿತ್ತು. ನಿಧಾನಕ್ಕೆ ಪುಸ್ತಕದ ಸಾಲುಗಳು ಉದ್ದವಾದವು.

ನಾಲ್ಕನೆಯ ಸಾಲಿನಲ್ಲಿ ಹೆಸರಿರುವವರಿಗೆ ತಮ್ಮ ಹೆಸರು ಅಲ್ಲಿದೆಯೆಂದು ಗೊತ್ತಿರಬೇಕಲ್ಲ? ಟೀಚರಿಗೆ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಸರಿ, ನೀವು ಫೋನ್ ಮಾಡಿದಾಗ ನಾನು ಏನ್ ಮಾಡ್ಬೇಕು, ಅದನ್ನ ಹೇಳಿ, ಬರ್ಕೋತೀನಿ" ಎಂದರು. ಇಬ್ಬರೂ ಸೇರಿ ಬರೆದೆವು. ಹೊತ್ತು ಎಷ್ಟೇ ಆಗಿರಲಿ ಫೋನ್ ಎತ್ತುವುದು. ಈಗ ಅಪಾಯದಲ್ಲಿದ್ದೀರಾ ಎಂದು ನೇರವಾಗಿ ಕೇಳುವುದು. ಹೌದೆಂದರೆ ಫೋನ್ ಇಡದೆ ಇನ್ನೊಂದು ಫೋನಿನಿಂದ ತಂಗಿಗೆ, ತುರ್ತು ಸೇವೆಗೆ ತಿಳಿಸುವುದು. ಬುದ್ಧಿ ಹೇಳಬೇಕಿಲ್ಲ, ಪರಿಹಾರ ಹುಡುಕಬೇಕಿಲ್ಲ.

"ಇಷ್ಟೇ ಆದ್ರೆ ನನ್ನ ಕೈಲಿ ಆಗುತ್ತೆ" ಎಂದರು ಟೀಚರ್, ತಂಗಿಯ ನಂಬರನ್ನು ಇನ್ನೊಂದು ಸಲ ಹೇಳಿಸಿಕೊಂಡರು.